ಹಿಂಬಾಗಿಲಿನ ಸಂದು

ರಬ್ಬರಿಗೆ ಹಚ್ಚುವ ಅಂಟಿನ ವಾಸನೆ ನನಗೆ ಆಗಿಬರುವುದಿಲ್ಲ. ಅದರ ಜೊತೆಗೆ ಪೆಟ್ರೋಲಿನ ಹೊಗೆಯೂ ಸೇರಿತೆಂದರೆ ಮುಗಿಯಿತು, ಕೈಯಲ್ಲಿದ್ದ ಕೆಲಸ ಬಿಟ್ಟು ಗಾಳಿ ಇರುವ ಕಡೆ ಹೋಗಿ ನಿಂತುಬಿಡುತ್ತೇನೆ. ಮನೆಯಲ್ಲಿ ಇದನ್ನು ಮುದುಕಿಯ ಹುಚ್ಚು ಅಂತ ನಗುತ್ತಾರೆ. ನಗಲಿ, ನನಗೇನು.

ಹೋದ ಶ್ರಾವಣದಲ್ಲಿ ಬಸವನ ಬಾಗೇವಾಡಿಗೆ ಹೋದಾಗ ಹಾಗೇ ಆಯಿತು. ಅಲ್ಲಿ ನೀಲವ್ವ ಅಂತ ನನಗೆ ಬಹಳ ಬೇಕಾದವಳೊಬ್ಬಳಿದ್ದಾಳೆ. ಅವಳ ಮಗ ಮಲ್ಲು ಮನೆಯ ಬಗಲಿಗೇ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಯಾರೋ ಶೋಕಿಯ ಮನುಷ್ಯ ಎಲ್ಲಿಂದಲೋ ಒಂದು ಓಬೀರಾಯನ ಕಾಲದ ವ್ಯಾನು ತಂದು ರಿಪೇರಿಗೆ ಬಿಟ್ಟಿದ್ದ. ಮಲ್ಲು ಅದರ ಹಿಂಬಾಗಿಲು ತೆರೆದಿಟ್ಟು, ಚೌಕಟ್ಟಿನ ಸುತ್ತಲೂ ಹೊಸ ರಬ್ಬರ್ ಪಟ್ಟಿ ಅಂಟಿಸುತ್ತ ಕೂತಿದ್ದ. ನಾನು ಅಂಗಳದಲ್ಲೇ ನಿಂತೆ.

"ಯಾಕ್ರಿ ಆಯಿ, ಅಲ್ಲೇ ನಿಂತ್ರಿ? ಬರ್ರಿ, ಗಾಡಿ ನೋಡ್ ಬರ್ರಿ," ಅಂದ.

"ಹಿಂದಿನ ಬಾಗಲಾ ಸೋರತೈತೇನೋ?"

"ಹೌದ್ರಿ, ಮಳಿ ನೀರು ಒಳಗ ಬರತಿತ್ತು. ರಬ್ಬರ್ ಹಾಕಿದ್ರ ಬಂದ್ ಆಗತೈತಿ."

"ನೀರು ಬಂದ್ರ ಬರ್ಲಿ ಬಿಡೋ. ನೀರು ಕಣ್ಣಿಗೆ ಕಾಣತೈತಿ."

ಅವನಿಗೆ ತಿಳಿಯಲಿಲ್ಲ. ಚಹಾ ಹಿಡಿದು ಬಂದ ನೀಲವ್ವನಿಗೆ ತಿಳಿಯಿತು. ಅವಳು ನನ್ನನ್ನು ಬಾಗಿಲ ಕಟ್ಟೆಯ ಮೇಲೆ ಕೂರಿಸಿ, ಕಪ್ಪು ಕೈಗಿಟ್ಟಳು. ಚಹಾ ಆರುವವರೆಗೂ ನಾನು ಆ ವ್ಯಾನನ್ನೇ ನೋಡುತ್ತ ಕೂತಿದ್ದೆ. ಎದೆಯೊಳಗೆ ಮುದ್ದೇಬಿಹಾಳದ ಆ ವರ್ಷದ ಮಳೆ ಮತ್ತೆ ಶುರುವಾಯಿತು.

ಅದು ಅರವತ್ತರ ದಶಕದ ಮೊದಲ ವರ್ಷಗಳು. ನಾನು ಇಂಗಳೇಶ್ವರದ ಒಕ್ಕಲುತನದ ಮನೆಯ ಹುಡುಗಿ, ಹೆರಿಗೆ ಮಾಡಿಸುವ ತರಬೇತಿ ಮುಗಿಸಿ ಮುದ್ದೇಬಿಹಾಳಕ್ಕೆ ನರ್ಸಾಗಿ ಬಂದಿದ್ದೆ. ಊರಿನ ವರ್ತಕರು ಕೂಡಿ ನಡೆಸುತ್ತಿದ್ದ ಸಣ್ಣ ಹೆರಿಗೆ ಮನೆ. ಈಗ ಅದಿಲ್ಲ, ಆ ಜಾಗದಲ್ಲಿ ಬಟ್ಟೆ ಅಂಗಡಿ ಎದ್ದಿದೆ. ನಾನು ಬಂದ ವರ್ಷವೇ ಬೇಸಿಗೆಯಲ್ಲಿ ವ್ಯಾನು ಬಂತು. ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ಆಂಬುಲೆನ್ಸು. ಹಸಿರು ಬಣ್ಣದ ಮೇಲೆ ಬಿಳಿ ಬಳಿದಿದ್ದರು, ಉಗುರಿನಿಂದ ಕೆರೆದರೆ ಹಸಿರು ಕಾಣುತ್ತಿತ್ತು. ಎರಡೂ ಪಕ್ಕಕ್ಕೆ ಸರಿಸುವ ಸಣ್ಣ ಕಿಟಕಿಗಳು, ಡ್ರೈವರನ ಸೀಟಿನ ಹಿಂದೆ ಪಕ್ಕದಲ್ಲಿ ಒಂದು ಸಣ್ಣ ಬಾಗಿಲು, ಹಿಂದೆ ಎರಡು ರೆಕ್ಕೆಯ ಕಬ್ಬಿಣದ ಬಾಗಿಲು, ಬಾಗಿಲ ಕೆಳಗೆ ಹತ್ತುವುದಕ್ಕೆ ಒಂದು ಮೆಟ್ಟಿಲು, ಮೆಟ್ಟಿಲ ಕೆಳಗೆ ಸೈಲೆನ್ಸರಿನ ಬಾಯಿ.

ಜನ ಅದಕ್ಕೆ "ಬಾಣಂತಿ ಗಾಡಿ" ಅಂತ ಹೆಸರಿಟ್ಟರು. ಅಲ್ಲಿಯವರೆಗೆ ಹಳ್ಳಿಯ ಹೆಣ್ಣುಮಕ್ಕಳು ಹಡೆಯಲು ಚಕ್ಕಡಿಯಲ್ಲಿ ಬರುತ್ತಿದ್ದರು, ಅರ್ಧ ದಾರಿಯಲ್ಲಿ ಹಡೆದವರೂ ಇದ್ದರು. ವ್ಯಾನು ಹೋಗಿ ಕರೆತರುತ್ತಿತ್ತು, ಹಡೆದ ಮೇಲೆ ಮನೆ ಮುಟ್ಟಿಸುತ್ತಿತ್ತು. ಡ್ರೈವರ್ ಇಮಾಮಸಾಬ. ಊರಿನ ಹಳೆಯ ಮನೆತನದವನು, ನೆತ್ತಿ ನೆರೆತ ನಿಧಾನಸ್ಥ ಮನುಷ್ಯ. ನನಗೆ ಇಮಾಮಣ್ಣ, ಅವನಿಗೆ ನಾನು ಬಾಯಾರ. ಗಾಡಿಯನ್ನು ಮೈ ತೊಳೆದಂತೆ ತೊಳೆಯುತ್ತಿದ್ದ. ನಾನು ಕೆಸರುಗಾಲಲ್ಲಿ ಹತ್ತಿದರೆ ಮಾತಾಡುತ್ತಿರಲಿಲ್ಲ, ಸುಮ್ಮನೆ ನನ್ನ ಕಾಲು ನೋಡುತ್ತಿದ್ದ. ಅದಕ್ಕಿಂತ ಎರಡು ಬೈದಿದ್ದರೆ ವಾಸಿಯಿತ್ತು.

ಹಿಂಬಾಗಿಲಿನ ರಬ್ಬರು ಮೊದಲಿನಿಂದಲೂ ಸತ್ತಿತ್ತು. ಬಿಸಿಲಿಗೆ ಒಣಗಿ, ಹಪ್ಪಳದ ಹಾಗೆ ಮುರಿಮುರಿದು ಬೀಳುತ್ತಿತ್ತು. ಎರೆಭೂಮಿಯ ರಸ್ತೆಯ ಧೂಳು ಆ ಸಂದಿನಿಂದ ಒಳನುಗ್ಗಿ ಬಾಣಂತಿ, ಕೂಸು, ಹಾಸಿಗೆ ಎಲ್ಲ ಬೂದಿ ಬಳಿದಂತೆ ಆಗುತ್ತಿತ್ತು. ಇಮಾಮಣ್ಣ ಸಂದಿಗೆ ಗೋಣಿಪಟ್ಟಿ ತುರುಕುತ್ತಿದ್ದ, ಎರಡು ಊರು ದಾಟುವುದರೊಳಗೆ ಅದು ಉದುರಿ ಹೋಗುತ್ತಿತ್ತು. ಹೊಸ ರಬ್ಬರ್ ತರಿಸಿಕೊಡಿ ಅಂತ ವರ್ತಕರಿಗೆ ಹೇಳಿದ. "ಧೂಳಿಗೆ ಯಾರರ ಸತ್ತಾರೇನೋ ಇಮಾಮ್?" ಅಂತ ನಕ್ಕು ಕಳಿಸಿದರು.

ಆ ಬೇಸಿಗೆಯಲ್ಲಿ ಒಂದು ಕೋಳಿ ಸತ್ತಿತು. ತಾಳಿಕೋಟೆಯ ಕಡೆಯ ಒಬ್ಬ ಅಜ್ಜಿ ಮೊಮ್ಮಗಳ ಬಾಣಂತನಕ್ಕೆಂದು ಬುಟ್ಟಿಯಲ್ಲಿ ಕೋಳಿ ಕಟ್ಟಿಕೊಂಡು ಹತ್ತಿ, ಬುಟ್ಟಿಯನ್ನು ಹಿಂಬಾಗಿಲ ಮೂಲೆಗೆ ಇಟ್ಟಿದ್ದಳು. ಊರು ಮುಟ್ಟಿ ಮುಚ್ಚಳ ತೆಗೆದರೆ ಕೋಳಿ ಕತ್ತು ವಾಲಿಸಿ ಬಿದ್ದಿತ್ತು. ಮೊಮ್ಮಗಳೂ ತಲೆನೋವು ಅಂತ ಇಳಿದವಳೇ ವಾಂತಿ ಮಾಡಿಕೊಂಡಳು. "ಬಿಸಲು ಬಡೀತು ನೋಡ್ರಿ ಎರಡಕ್ಕೂ," ಅಂದಳು ಅಜ್ಜಿ. ಎಲ್ಲರೂ ಹೌದೆಂದೆವು. ಅವತ್ತು ಅಂಥ ಬಿಸಿಲೇನೂ ಇರಲಿಲ್ಲ, ಮೋಡ ಕವಿದಿತ್ತು.

ಆ ಮೇಲೆ ಆರಿದ್ರಾ ಮಳೆ ಹಿಡಿಯಿತು. ತಂಗಡಗಿಯ ಗುರವ್ವ ಆಗಲೇ ಹಡೆಯಲು ಬಂದದ್ದು. ಎತ್ತರದ ಮೈಕಟ್ಟಿನ ಹುಡುಗಿ, ಹೆರಿಗೆಯ ಬೇನೆ ತಿನ್ನುತ್ತಿರುವಾಗಲೂ ನಗಿಸುವವಳು. ಹೆಣ್ಣು ಹಡೆದಳು. ನನ್ನ ಕೈ ಹಿಡಿದು, "ಬಾಯಾರ, ಮುಂದಿನ ಸಲಾನೂ ನೀವ ಇರಬೇಕ ನೋಡ್ರಿ. ಬ್ಯಾರೆ ಊರಿಗೆ ಹೋಗಿದ್ರ ನಾ ಹಡ್ಯೂದ ಇಲ್ಲ," ಅಂದಳು. ಅಂಥ ಮಾತು ಕೇಳಿದ ಮೇಲೆ ಯಾರಿಗೆ ಪ್ರೀತಿ ಹುಟ್ಟುವುದಿಲ್ಲ ಹೇಳಿ.

ಅವಳನ್ನು ತವರಿಗೆ ಕಳಿಸುವ ದಿನ ಜಿನುಗು ಮಳೆ. ಜೊತೆಗೆ ಅವಳ ತಾಯಿ ಸಂಗವ್ವ. ನಮ್ಮ ಕಡೆ ಬಾಣಂತಿಗೆ ಗಾಳಿ ತಾಕಬಾರದು. ತಾಕಿದರೆ ಸನ್ನಿ ಹಿಡಿಯುತ್ತದೆ ಅಂತ ಕಿವಿಗೆ ಅರಳೆ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಕೋಣೆಯ ಬಿಲಗಳನ್ನೆಲ್ಲ ಮುಚ್ಚುತ್ತಾರೆ. ಗಾಡಿಗೂ ಅದೇ ಪದ್ಧತಿ. ಸಂಗವ್ವ ಕಿಟಕಿಗಳನ್ನೆಲ್ಲ ಎಳೆದು, ಸಂದುಗಳಿಗೆ ಹಳೆಯ ಅರಿವೆ ತುರುಕಿದಳು. ಪರಗಂಡಸಿನ ಬೆನ್ನಿಗೆ ತಲೆ ಹಚ್ಚಿ ಹೆಣ್ಣುಮಗಳು ಮಲಗುವುದು ಹೇಗೆ ಅಂತ ಡ್ರೈವರನ ಕಡೆ ಕಾಲು, ಹಿಂಬಾಗಿಲ ಕಡೆ ತಲೆ ಮಾಡಿ ಮಲಗಿಸಿದಳು. ಎಲ್ಲ ಬಾಣಂತಿಯರನ್ನೂ ಹಾಗೇ ಮಲಗಿಸುತ್ತಿದ್ದರು. ತಾನು ಕೂಸನ್ನು ಸೆರಗಿನೊಳಗೆ ಹಾಕಿಕೊಂಡು ಮುಂದಿನ ಮೂಲೆಗೆ ಕೂತಳು. ಸಂಗವ್ವನಿಗೆ ಎಲೆ-ತಂಬಾಕಿನ ಚಟ, ಉಗುಳುವುದಕ್ಕೆಂದು ಆ ಮೂಲೆಯ ಕಿಟಕಿಯನ್ನು ಮಾತ್ರ ಬೆರಳು ಹೋಗುವಷ್ಟು ತೆರೆದಿಟ್ಟುಕೊಂಡಿದ್ದಳು. ನಾನು ಮುಂದೆ ಇಮಾಮಣ್ಣನ ಪಕ್ಕದ ಸೀಟಿನಲ್ಲಿದ್ದೆ.

ತಂಗಡಗಿಗೆ ಇನ್ನೂ ದಾರಿ ಇರುವಾಗಲೇ ಒಂದು ಹಳ್ಳದ ಇಳಿಜಾರಿನಲ್ಲಿ ಗಾಡಿ ಎರೆಮಣ್ಣಿಗೆ ಸಿಕ್ಕಿಕೊಂಡಿತು. ಚಕ್ರ ತಿರುಗಿದಷ್ಟೂ ಹೂಳುತ್ತಿತ್ತು. ನಾನು ಇಳಿದೆ, ಹೊಲದಲ್ಲಿದ್ದ ಜನ ಬಂದರು, ಎಲ್ಲರೂ ಹಿಂದಿನಿಂದ ನೂಕಿದೆವು. ಬಾಣಂತಿಯನ್ನು ಮಳೆಯಲ್ಲಿ ಇಳಿಸುವಂತಿಲ್ಲ, ಹಾಗಾಗಿ ಅವಳು ಒಳಗೇ ಇದ್ದಳು. ಇಮಾಮಣ್ಣ ಎಂಜಿನ್ ಒದರಿಸುತ್ತಿದ್ದ. ಸೈಲೆನ್ಸರಿನ ಬಾಯಿ ಕೆಸರಿಗೆ ಹತ್ತಿ, ಹೊಗೆ ಬಾಗಿಲ ಬುಡದಲ್ಲೇ ಸುತ್ತಿ ನಮ್ಮ ಮುಖಕ್ಕೆ ರಾಚುತ್ತಿತ್ತು. ಕೆಮ್ಮುತ್ತ, ಬಯ್ಯುತ್ತ, ಬಹಳ ಹೊತ್ತು ನೂಕಿದೆವು. ಒಳಗಿನಿಂದ ಗುರವ್ವ ಒಮ್ಮೆ ಏನೋ ಕೂಗಿದಂತಾಯಿತು. ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ತಿಳಿಯಲಿಲ್ಲ.

ಮನೆಯ ಮುಂದೆ ಗಾಡಿ ನಿಂತಾಗ ಮೊದಲು ಸಂಗವ್ವ ಕೂಸಿನ ಸಮೇತ ಪಕ್ಕದ ಸಣ್ಣ ಬಾಗಿಲಿಂದ ಇಳಿದಳು. ಇಳಿದವಳೇ ಗೋಡೆ ಹಿಡಿದು ವಾಂತಿ ಮಾಡಿಕೊಂಡು, "ತಲಿ ಸಿಡ್ಯಾಕತ್ತೈತ್ರಿ. ಗುರವ್ವನೂ ತಲಿ ತಲಿ ಅಂತ ಒದರಿ ಈಗ ಮಲಗ್ಯಾಳ," ಅಂದಳು. ನಾನು ಹಿಂದೆ ಹೋಗಿ ಬಾಗಿಲು ತೆರೆದೆ. ಗುರವ್ವ ಮಲಗಿದ್ದಳು. ಕೆನ್ನೆ ಕೆಂಪಗಿತ್ತು, ತುಟಿ ಇನ್ನೂ ಕೆಂಪಗಿತ್ತು. ನೋಡಲು ಬಂದ ನೆರೆಮನೆಯವಳು, "ಮಾರಿ ಮ್ಯಾಲ ಎಂಥಾ ಕಳಿ ಬಂದೈತಿ ನೋಡವ್ವಾ!" ಅಂತ ನೆಟಿಗೆ ಮುರಿದಳು. ನಾನು ಕೈ ಹಿಡಿದು ನಾಡಿ ನೋಡಿದೆ. ನಾಡಿ ಇರಲಿಲ್ಲ.

ಆ ಅಂಗಳದಲ್ಲಿ ಎದ್ದ ಅಳುವನ್ನು ನಾನು ಬರೆಯಲಾರೆ.

ನಮ್ಮ ಡಾಕ್ಟರಮ್ಮ ಬಂದು ನೋಡಿ, ಮೈಯಲ್ಲಿ ರಕ್ತ ಕಡಿಮೆ, ಎದೆ ನಿಂತಿರಬೇಕು ಅಂದರು. ಅಷ್ಟರಲ್ಲಿ ಊರು ತನ್ನ ಕಾರಣ ತಾನೇ ಹುಡುಕಿಕೊಂಡಿತ್ತು. ಕೆಲವರು ಗಾಡಿಯನ್ನು ಅಂದರು: ಯುದ್ಧದಲ್ಲಿ ಹೆಣ ಹೊತ್ತ ಗಾಡಿ, ಅವು ಇನ್ನೂ ಅದರಲ್ಲೇ ಕೂತಿವೆ. ತಾಳಿಕೋಟೆಯ ಕೋಳಿಯ ಕಥೆಯೂ ಹೊರಬಂತು. ಆದರೆ ಹೆಚ್ಚು ಜನ ಬೆರಳು ತೋರಿಸಿದ್ದು ಕೂಸಿನ ಕಡೆ. ಗುರವ್ವನ ಗಂಡನ ಮನೆಯವರು ತಾಯಿಯನ್ನು ನುಂಗಿದ ಕೂಸು ತಮಗೆ ಬೇಡ ಅಂತ ಹೇಳಿಕಳಿಸಿದರು.

ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೇಲೆ ನಾನು ಕೂಸನ್ನು ನೋಡಲು ತಂಗಡಗಿಗೆ ಹೋದೆ. ಹಿತ್ತಲ ಪಡಸಾಲೆಯಲ್ಲಿ ಕರು ಕಟ್ಟುವ ಜಾಗದ ಹತ್ತಿರ ಗೋಣಿಚೀಲದ ಮೇಲೆ ಬಿದ್ದಿತ್ತು. ಕೈಕಾಲು ಕಡ್ಡಿಯಾಗಿದ್ದವು, ಅಳುವುದಕ್ಕೂ ತ್ರಾಣ ಇರಲಿಲ್ಲ. ನೆರೆಮನೆಯವಳು ನೆನಪಾದಾಗ ಆಡಿನ ಹಾಲು ಹಾಕಿ ಹೋಗುತ್ತಿದ್ದಳಂತೆ. ಸಂಗವ್ವ ಒಳಗೆ ಕತ್ತಲಲ್ಲಿ ಗೋಡೆಗೆ ಒರಗಿ ಕೂತಿದ್ದಳು.

"ಅವ್ವಾ, ಕೂಸು ಸಾಯಾಕತ್ತೈತಿ," ಅಂದೆ.

"ಸಾಯ್ಲಿ. ತಾಯಿನ್ನ ನುಂಗಿ ಬಂದೈತಿ. ಹಾಲು ಕುಡದು ಬೆಳದು ಇನ್ಯಾರನ್ನ ನುಂಗಬೇಕಾಗೈತಿ?"

ನನಗೆ ಮೈಯೆಲ್ಲ ಉರಿಯಿತು. "ನಿನ್ನ ನಾಲಿಗಿ ಸೇದಿ ಹೋಗ್ಲಿ! ಹಸುಗೂಸಿಗೆ ಇಂಥಾ ಮಾತು ಆಡತೀಯಲ್ಲ!" ಅಂತ ವಯಸ್ಸು ನೋಡದೆ ಬೈದುಬಿಟ್ಟೆ. ಆಕೆಗೆ ಸಿಟ್ಟು ಬರಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿ ಕೇಳಿದಳು.

"ಹಂಗಾದ್ರ ನನ್ನ ಮಗಳು ಯಾತಕ್ಕ ಸತ್ಲು? ಕುದುರಿ ಕುದುರಿಯಂಥಾ ಮಗಳು. ನೀವು ಕಲತಾಕಿ ಅದೀರಿ, ಹೇಳ್ರಿ."

ಕೂಸಿಗೆ ಹಾಲು ಕುಡಿಸಿ, ನೆರೆಮನೆಯವಳ ಕೈಕಾಲು ಹಿಡಿದು ಬೇಡಿಕೊಂಡು ವಾಪಸು ಬಂದೆ. ಉತ್ತರ ಸಿಗದಿದ್ದರೆ ಆ ಕೂಸು ಉಳಿಯುವುದಿಲ್ಲ ಅನ್ನುವುದು ನನಗೆ ಖಾತ್ರಿಯಾಗಿತ್ತು.

ಊರೂರಲ್ಲಿ ಜನ ಮತ್ತೆ ಚಕ್ಕಡಿ ಕಟ್ಟತೊಡಗಿದರು. ಬಾಣಂತಿ ಗಾಡಿ ಬೇವಿನ ಮರದ ಕೆಳಗೆ ನಿಂತಿತು. ಇಮಾಮಣ್ಣ ಆದರೂ ದಿನಾ ಅದನ್ನು ತೊಳೆಯುತ್ತಿದ್ದ. ಒಮ್ಮೆ ಸುಮ್ಮನೆ ಪಕ್ಕದಲ್ಲಿ ನಿಂತಿದ್ದಾಗ ಅವನೇ ಅಂದ: "ಬಾಯಾರ, ಆ ಹುಡುಗಿ ಒದರಿದ್ದು ನನಗ ಕೇಳಿತ್ರಿ. ನೂಕವರು ಯಾರರ ಒದರಿರಬೇಕಂತ ಎಕ್ಸಲೇಟರ್ ಮ್ಯಾಲಿನ ಕಾಲು ತಗೀಲಿಲ್ಲ." ಅಷ್ಟು ಹೇಳಿ ಮತ್ತೆ ಚಕ್ರ ಉಜ್ಜತೊಡಗಿದ.

ಅವನ ಮಗಳು ಹಾಜಿರಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಉತ್ತರಿ ಮಳೆ ಸುರಿಯುವಾಗ ಹಡೆದಳು. ಗಂಡು ಕೂಸು ಚೆನ್ನಾಗಿತ್ತು, ತಾಯಿಗೆ ರಕ್ತ ನಿಲ್ಲಲಿಲ್ಲ. ಡಾಕ್ಟರಮ್ಮ ಕೈಲಾದದ್ದೆಲ್ಲ ಮಾಡಿ, ಮಧ್ಯಾಹ್ನದ ಹೊತ್ತಿಗೆ, ಇನ್ನು ರಕ್ತ ಏರಿಸದೆ ಆಗುವುದಿಲ್ಲ, ಬಿಜಾಪುರದ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಅಂದರು. ಬಸ್ಸು ಹೋಗಿಯಾಗಿತ್ತು. ಇದ್ದದ್ದು ಬೇವಿನ ಮರದ ಕೆಳಗಿನ ಆ ಗಾಡಿ ಒಂದೇ.

ಇಮಾಮಣ್ಣನ ಹೆಂಡತಿ ಕಾಶಿಂಬಿ ಗಂಡನ ಅಂಗಿ ಹಿಡಿದು ನಿಂತಳು. "ಬ್ಯಾಡ್ರಿ, ಆ ಗಾಡ್ಯಾಗ ಬ್ಯಾಡ. ಒಬ್ಬಾಕಿನ್ನ ತಗೊಂಡೈತಿ."

"ಬ್ಯಾರೆ ಏನೈತಿ ಹೇಳು? ಹೊತಗೊಂಡು ಓಡ್ಲೇನು?"

ಆಕೆಯ ಹತ್ತಿರ ಇದ್ದ ಉಪಾಯ ಒಂದೇ. ಲೋಬಾನದ ಧೂಪದಾನಿಗೆ ನಿಗಿನಿಗಿ ಕೆಂಡ ತುಂಬಿ, ಮೇಲೆ ಲೋಬಾನ ಉದುರಿಸಿ, ಗಾಡಿಯ ಸುತ್ತಲೂ ತಿರುಗಿಸಿದಳು. ತೂತಿನ ಮುಚ್ಚಳ ಮುಚ್ಚಿ, ಹಿಂದಿನ ಮೆಟ್ಟಿಲಿಗೆ ತಂತಿಯಿಂದ ಬಿಗಿದು ಕಟ್ಟಿದಳು. "ಹಿಂದಿನಿಂದ ಏನೂ ಹತ್ತಬಾರ್ದು," ಅಂದಳು. ನಾನು ತಡೆಯಲಿಲ್ಲ. ಆ ಹೊತ್ತಿನಲ್ಲಿ ಏನು ಕಟ್ಟಿದರೂ ಕಟ್ಟಲಿ ಅನ್ನಿಸಿತ್ತು.

ಕಿಟಕಿಗಳು ಮುಚ್ಚಿದವು, ಸಂದಿಗೆ ಅರಿವೆ ಬಿತ್ತು. ಹಾಜಿರಾಳ ತಲೆ ಹಿಂಬಾಗಿಲ ಕಡೆ. ಕೂಸನ್ನು ಅವಳ ಅತ್ತಿಗೆಯ ಹತ್ತಿರ ಬಿಟ್ಟು, ಕಾಶಿಂಬಿ ಕಾಲ ಬಳಿ ಕೂತಳು. ಈ ಸಲ ನಾನೂ ಹಿಂದೆಯೇ, ಹಾಜಿರಾಳ ತಲೆಯ ಪಕ್ಕ. ಬಸವನ ಬಾಗೇವಾಡಿಯ ದಾರಿ ಹಿಡಿದೆವು. ಮಳೆ ಬಿಟ್ಟಿತ್ತು, ಮೋಡ ಮಾತ್ರ ನೆಲಕ್ಕೆ ಹತ್ತಿದ ಹಾಗೆ ಇಳಿದಿತ್ತು.

ಸ್ವಲ್ಪ ದೂರ ಹೋಗುವುದರಲ್ಲಿ ಒಳಗೆ ಲೋಬಾನದ ಘಮ ತುಂಬಿತು. ಕಾಶಿಂಬಿಯ ಸೀರೆಗೆ ಹತ್ತಿದ್ದಿರಬೇಕು ಅಂದುಕೊಂಡೆ. ಘಮ ಹೆಚ್ಚುತ್ತ ಹೋಯಿತು. ಹಾಜಿರಾ ಕಣ್ಣು ಮುಚ್ಚಿಕೊಂಡೇ, "ಅವ್ವಾ, ತಲಿ ಸಿಡ್ಯಾಕತ್ತೈತಿ," ಅಂದಳು.

ಆ ಮಾತನ್ನು ನಾನು ಮೊದಲು ಕೇಳಿದ್ದೆ. ತಂಗಡಗಿಯ ಗೋಡೆ ಹಿಡಿದು ನಿಂತ ಸಂಗವ್ವ ಇದೇ ಮಾತು ಅಂದಿದ್ದಳು. ತಿರುಗಿ ಹಿಂಬಾಗಿಲು ನೋಡಿದೆ. ಎರಡು ರೆಕ್ಕೆ ಕೂಡುವ ಸಂದಿನ ಕೆಳತುದಿಯಿಂದ ಬಿಳಿ ಹೊಗೆ ಎಳೆಯೆಳೆಯಾಗಿ ಒಳಗೆ ಬರುತ್ತಿತ್ತು. ಗಾಡಿ ಮುಂದಕ್ಕೆ ಓಡುತ್ತಿದೆ, ಹೊಗೆ ಹಿಂದಕ್ಕೆ ಹೋಗಬೇಕು. ಅದು ಹಿಂದಕ್ಕೆ ಹೋಗದೆ ಒಳಗೆ ಬಂದು, ಹಾಜಿರಾಳ ಮುಖದ ಮೇಲೆ ಹರಡುತ್ತಿತ್ತು. ಲೋಬಾನಕ್ಕೆ ಬಣ್ಣ ಇದೆ, ವಾಸನೆ ಇದೆ, ಆದ್ದರಿಂದ ಕಂಡಿತು. ಅದೇ ಮೆಟ್ಟಿಲ ಕೆಳಗಿನ ಸೈಲೆನ್ಸರಿನಿಂದ ಬರುವುದು?

ನನಗೆ ಅಪ್ಪನ ಹಗೇವು ನೆನಪಾಯಿತು. ಜೋಳ ತುಂಬಿಡಲು ನೆಲದಲ್ಲಿ ತೋಡಿದ ಆಳದ ಕುಣಿ ಅದು. ವರ್ಷಗಟ್ಟಲೆ ಮುಚ್ಚಿದ ಹಗೇವನ್ನು ತೆರೆದಾಗ ಅಪ್ಪ ಮೊದಲು ಕಂದೀಲು ಇಳಿಸುತ್ತಿದ್ದ. ಕಂದೀಲು ಆರಿದರೆ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಅವಸರದಲ್ಲಿ ಇಳಿದವರು ಕೂಗದೆ, ಒದ್ದಾಡದೆ ನಿದ್ದೆ ಹೋದ ಹಾಗೆ ಸತ್ತದ್ದನ್ನು ನಮ್ಮ ಸೀಮೆಯಲ್ಲಿ ಎಲ್ಲರೂ ಕೇಳಿದ್ದಾರೆ. ನಾವು ಬಾಣಂತಿಯರನ್ನು ಹಗೇವಿನಲ್ಲಿ ಮಲಗಿಸಿ ಮುಚ್ಚಳ ಹಾಕುತ್ತಿದ್ದೆವು.

"ಇಮಾಮಣ್ಣಾ, ಗಾಡಿ ನಿಂದರ್ಸ್ರಿ! ನಿಂದರ್ಸ್ರಿ!" ಅಂತ ಡ್ರೈವರನ ಬೆನ್ನ ಹಿಂದಿನ ಕಬ್ಬಿಣದ ಗೋಡೆ ಬಡಿದೆ. ನಿಂತ ಕೂಡಲೇ ಹಿಂಬಾಗಿಲು ಒದ್ದು ತೆರೆದೆ. ಅರಿವೆ ಕಿತ್ತು ಕಿಟಕಿಗಳನ್ನೆಲ್ಲ ಸರಿಸಿದೆ. ತಣ್ಣನೆಯ ಗಾಳಿ ಒಳಗೆ ಹೊಕ್ಕಿತು. ಕಾಶಿಂಬಿ ಮಗಳ ಮೇಲೆ ಬಿದ್ದು ತಬ್ಬಿಕೊಂಡಳು.

"ಬಾಯಾರ, ಗಾಳಿ! ಸನ್ನಿ ಹಿಡೀತೈತ್ರಿ!"

"ಸನ್ನಿ ಹಿಡಿದ್ರ ನಾ ಇಳಸ್ತೇನಿ, ಸತ್ರ ಯಾರು ಎಬ್ಬಸೋರು? ಸರೀರಿ ಅತ್ತಾಗ!"

ಇಮಾಮಣ್ಣ ಹಿಂದೆ ಬಂದು ನಿಂತಿದ್ದ. ನಾನು ಬಾಗಿಲು ಮುಚ್ಚಿ ತೋರಿಸಿದೆ, ಸಂದು ತೋರಿಸಿದೆ, ಸೈಲೆನ್ಸರು ತೋರಿಸಿದೆ. ಹೇಳುವುದು ಮುಗಿಯುವ ಮೊದಲೇ ಅವನಿಗೆ ಎಲ್ಲ ತಿಳಿದಿತ್ತು. ರಸ್ತೆಯ ಅಂಚಿನ ಕೆಸರಲ್ಲೇ ಕುಸಿದು ಕೂತ. "ಹಂಗಾದ್ರ ಆ ಹುಡುಗಿನ್ನ ಕೊಂದಾಂವ ನಾನ," ಅಂದ.

"ಆಮ್ಯಾಲ ಅಳ್ರಿ! ಈಗ ಇಕಿ ಉಳೀಬೇಕು. ಏಳ್ರಿ ಮ್ಯಾಲ!" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಬಾಗಿಲು ತೆರೆದಿಟ್ಟು ಹೋದರೆ ಹೊಗೆ ಇನ್ನೂ ನುಗ್ಗುತ್ತದೆ. ಆ ಸಂದು ಮುಚ್ಚಲೇಬೇಕು, ರಬ್ಬರು ಅಲ್ಲಿ ಎಲ್ಲಿಂದ ಬರಬೇಕು? ಪಕ್ಕದ ಹೊಲದಲ್ಲಿ ಒಬ್ಬ ಮುದುಕ ಬಣವೆಯ ಮೇಲೆ ಗೋಣಿತಟ್ಟು ಸರಿಮಾಡುತ್ತಿದ್ದ. ಹಗೇವಿನ ಬಾಯಿ ಮುಚ್ಚುವ ಹಾಗೆ ಮುಚ್ಚಬೇಕು ಅಂದಾಗ ಆತ ಮತ್ತೇನೂ ಕೇಳಲಿಲ್ಲ. ಜೋಳದ ಕಣಕಿಯ ದಂಟು ಸುಲಿದು, ಸಿಪ್ಪೆ ಹೊಸೆದು ಸಂದಿಗೆ ತುಂಬಿದ, ಇಮಾಮಣ್ಣ ನೆನೆದ ಎರೆಮಣ್ಣು ಹೊತ್ತು ತಂದ, ಇಬ್ಬರೂ ಅಂಗೈಯಿಂದ ತೀಡಿ ತೀಡಿ ಬಾಗಿಲನ್ನು ಹೊರಗಿನಿಂದ ಮೆತ್ತಿದರು. ಹಳ್ಳದಲ್ಲಿ ಚಕ್ರ ಹಿಡಿದು ಗುರವ್ವನನ್ನು ನಿಲ್ಲಿಸಿದ ಮಣ್ಣು ಅದೇ. ನಾನು ಪಕ್ಕದ ಸಣ್ಣ ಬಾಗಿಲಿಂದ ಹತ್ತಿ, ಹಾಜಿರಾಳ ತಲೆಯನ್ನು ಡ್ರೈವರನ ಕಡೆ ತಿರುಗಿಸಿದೆ. ಅಪ್ಪನ ಬೆನ್ನಿಗೆ ಮಗಳು ತಲೆ ಹಚ್ಚಲು ಯಾರ ಅಪ್ಪಣೆ ಬೇಕು?

ಬಿಜಾಪುರದವರೆಗೂ ನನ್ನ ಕಣ್ಣು ಆ ಮಣ್ಣಿನ ಸಂದಿನ ಮೇಲೇ ಇತ್ತು. ರಸ್ತೆಯ ಕುಣಿಗೆ ಗಾಡಿ ಎಗರಿದಾಗೆಲ್ಲ ಒಂದೊಂದು ಹೆಂಟೆ ಕಳಚುತ್ತಿತ್ತು. ಇಮಾಮಣ್ಣ ನಿಲ್ಲಿಸಿ, ಸೀಟಿನ ಕೆಳಗಿನ ಬುಟ್ಟಿಯಿಂದ ಹಸಿಮಣ್ಣು ತೆಗೆದು ಮೆತ್ತಿ, ಮತ್ತೆ ಹೊರಡುತ್ತಿದ್ದ. ಧೂಪದಾನಿಯನ್ನು ನಾನು ಬೇಕೆಂದೇ ಬಿಚ್ಚಿಸಿರಲಿಲ್ಲ. ಲೋಬಾನದ ವಾಸನೆ ಬಂತೆಂದರೆ ಕಳಚಿದೆ ಅಂತ ಗೊತ್ತಾಗುತ್ತಿತ್ತು. ಹಾಜಿರಾ ಒಂದೊಂದು ಸಲ ಕಣ್ಣು ತೆರೆಯುತ್ತಿದ್ದಳು. ಕಣ್ಣು ಮುಚ್ಚಿದಾಗ ನಾನು ಕೆನ್ನೆಯ ಬಣ್ಣ ನೋಡುತ್ತಿದ್ದೆ. ಗುರವ್ವನ ಹಾಗೆ ಕೆಂಪೇರದೆ ಬಿಳಿಚಿಕೊಂಡಿತ್ತು. ಬಾಣಂತಿಯ ಬಿಳಿಚಿದ ಮುಖ ನೋಡಿ ದೇವರಿಗೆ ಕೈ ಮುಗಿದದ್ದು ಅವತ್ತೊಂದೇ ದಿನ.

ಅವಳು ಉಳಿದಳು. ರಕ್ತ ಏರಿಸಿದರು, ವಾರ ಕಳೆಯುವುದರೊಳಗೆ ಎದ್ದು ಕೂತಳು. ಅಲ್ಲಿಯ ಡಾಕ್ಟರಿಗೆ ನಾನು ಕಂಡದ್ದೆಲ್ಲ ಹೇಳಿದೆ. ಅವರು ಕೇಳಿ, ಗಾಡಿಯ ಹೊಗೆಯಲ್ಲಿ ಅಂಥ ವಿಷ ಇದೆ, ಅದು ಕಾಣುವುದೂ ಇಲ್ಲ, ನಾರುವುದೂ ಇಲ್ಲ, ಸತ್ತವರ ಮುಖ ಕೆಂಪಗೆ ಇಡುತ್ತದೆ ಅಂದರು. ಸಂಗವ್ವ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹೊಟ್ಟೆ ತುಂಬ ಅತ್ತೆ.

ಈ ಸಲ ವರ್ತಕರು ತುಟಿ ಬಿಚ್ಚದೆ ಸೊಲ್ಲಾಪುರದಿಂದ ರಬ್ಬರ್ ತರಿಸಿಕೊಟ್ಟರು. ಇಮಾಮಣ್ಣ ಹಳೆಯ ರಬ್ಬರನ್ನೂ ಒಣಗಿದ ಅಂಟನ್ನೂ ಚೂರಿಯಿಂದ ಕೆರೆದು, ತಗಡನ್ನು ಪೆಟ್ರೋಲಿನಿಂದ ಒರೆಸಿ, ಹೊಸ ಪಟ್ಟಿಯನ್ನು ಒಂದೇ ತುಂಡಾಗಿ ಸುತ್ತಲೂ ಕೂರಿಸಿದ. ಬಾಗಿಲಿಗೂ ರಬ್ಬರಿಗೂ ನಡುವೆ ಕಾಗದದ ಚೂರು ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿದ. ಮೇಲೆಲ್ಲ ಕಾಗದ ಹರಿಯುವಷ್ಟು ಬಿಗಿ, ಕೆಳಮೂಲೆಯಲ್ಲಿ ಮಾತ್ರ ಸಲೀಸಾಗಿ ಹೊರಬಂತು. ಕೆಳಗಿನ ಕೀಲು ಜೋತುಬಿದ್ದು ಬಾಗಿಲು ವಾಲಿತ್ತು, ಹೊಸ ರಬ್ಬರು ಇದ್ದರೂ ಅಲ್ಲಿ ತಾಕುತ್ತಿರಲಿಲ್ಲ. ಕೀಲು ಬಿಚ್ಚಿ ಕಮ್ಮಾರನ ಹತ್ತಿರ ಬಡಿಸಿ ತಂದ, ಸೈಲೆನ್ಸರಿಗೆ ಕೊಳವೆ ಜೋಡಿಸಿ ಬಾಯಿಯನ್ನು ಪಕ್ಕಕ್ಕೆ ತಿರುಗಿಸಿದ. ಕಡೆಗೆ ಲೋಬಾನ ಕಟ್ಟಿ ಊರ ಹೊರಗೆ ಓಡಿಸಿದ, ನಾನು ಒಳಗೆ ಕೂತೆ. ಹೊಗೆ ಬರಲಿಲ್ಲ. ಮುಗಿಯಿತಲ್ಲ ಅಂದೆ.

"ಮುಗದಿಲ್ರಿ ಬಾಯಾರ," ಅಂದ ಇಮಾಮಣ್ಣ. "ತಂಗಡಗಿಗೆ ಹೋಗಬೇಕು."

ಕಾಶಿಂಬಿ ಬೇಡವೆಂದು ಅತ್ತಳು. "ನಿಮ್ಮ ಗಾಡಿನ ಕೊಂದೈತಂತ ನೀವ ಹೇಳಿದ್ರ ಅವರು ಜೀವಂತ ಬಿಡ್ತಾರೇನು?" ಅವಳ ಹೆದರಿಕೆ ಸುಳ್ಳಲ್ಲ. ಗುರವ್ವನ ತಮ್ಮ ಮುಂಗೋಪಿ, ಅಕ್ಕ ಸತ್ತ ದಿನವೇ ಗಾಡಿಗೆ ಬೆಂಕಿ ಹಚ್ಚಲು ಎದ್ದವನು.

ಅದೇ ಗಾಡಿಯಲ್ಲಿ ಹೋದೆವು. ಮನೆಯ ಮುಂದೆ ಅದು ನಿಂತಾಗ ಓಣಿಯ ಬಾಗಿಲುಗಳು ಮುಚ್ಚಿಕೊಂಡವು. ಗುರವ್ವನ ತಮ್ಮ ಕೊಡಲಿ ಹಿಡಿದೇ ಹೊರಬಂದ. ಸಂಗವ್ವ ಹೊಸ್ತಿಲಲ್ಲಿ ನಿಂತಳು. ಇಮಾಮಣ್ಣ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ಅಂಗಳದ ನಡುವೆ ನಿಂತ.

"ಯವ್ವಾ, ನಿನ್ನ ಮಗಳ್ನ ಕೂಸು ನುಂಗಿಲ್ಲ. ನನ್ನ ಗಾಡಿ ನುಂಗೈತಿ. ಹಿಂದಿನ ಬಾಗಲಾ ಸಂದು ಬಿಟ್ಟಿತ್ತು, ಎಂಜಿನ್ ಹೊಗಿ ಒಳಗ ಬಂತು. ಅದು ವಿಷ ಅಂತ ನನಗ ಗೊತ್ತಿರಲಿಲ್ಲ. ಏನ್ ಮಾಡತೀರಿ ನನ್ನ ಮಾಡ್ರಿ. ಕೂಸಿಗೆ ಹಾಲು ಹಾಕ್ರಿ."

ಕಿಟಕಿಯ ಸಂದಿಗೆ ತುರುಕಿದ ಅರಿವೆಯ ಮಾತನ್ನು ಅವನು ಎತ್ತಲಿಲ್ಲ. ದಾರಿಯಲ್ಲೇ ನನಗೂ ಆಣೆ ಹಾಕಿಸಿದ್ದ. ಆದರೆ ಸಂಗವ್ವ ದಡ್ಡಿಯಲ್ಲ. ಗಾಡಿಯ ಹಿಂಬಾಗಿಲನ್ನೂ ಕಿಟಕಿಗಳನ್ನೂ ಒಂದೊಂದಾಗಿ ನೋಡಿದಳು.

"ಕಿಡಕಿಗೆಲ್ಲ ಅರಿವಿ ತುರುಕಿದಾಕಿ ನಾನು."

"ಅರಿವಿ ಹೊಗಿ ತರಲಿಲ್ಲವ್ವಾ," ಅಂದ ಇಮಾಮಣ್ಣ. "ಹೊಗಿ ತಂದಾಂವ ನಾನು."

ನನಗೆ ತಡೆಯಲಾಗಲಿಲ್ಲ. "ಅವ್ವಾ, ನಿನ್ನ ಮೂಲಿ ಕಿಡಕಿ ನೀನು ಉಗಳಾಕ ತಗದಿದ್ದಿ. ಆ ಗಾಳಿಗೆ ನೀನೂ ಉಳದಿ, ಕೂಸೂ ಉಳೀತು. ಗುರವ್ವನ ಕೂಸು ಉಳಿಸಿದಾಕಿ ನೀನ," ಅಂದೆ.

ಸಂಗವ್ವ ಹೊಸ್ತಿಲು ಇಳಿದು ಬಂದಳು. ಮಗನ ಕೈಯಿಂದ ಕೊಡಲಿ ತೆಗೆದು ಗೋಡೆಗೆ ಒರಗಿಸಿಟ್ಟಳು. ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಗೋಣಿಚೀಲದ ಮೇಲಿದ್ದ ಕೂಸು ಅವಳ ಸೆರಗಿನೊಳಗಿತ್ತು. ಅದರ ಮುಖಕ್ಕೆ ಬಿಸಿಲು ಬೀಳುವಂತೆ, ಗಾಳಿ ತಾಕುವಂತೆ ಸೆರಗು ಸರಿಸಿಕೊಂಡು ಅಂಗಳದಲ್ಲಿ ಕೂತು ಗೋಳೋ ಅಂತ ಅತ್ತಳು. ಮಗ ಗೋಡೆಯ ಕಡೆ ತಿರುಗಿ ನಿಂತಿದ್ದ. ಇಮಾಮಣ್ಣ ಅಂಗಳದಲ್ಲೇ ನಿಂತಿದ್ದ, ಯಾರೂ ಕೂರು ಅನ್ನಲಿಲ್ಲ. ಹೊರಡುವಾಗ ಸಂಗವ್ವ ಅವನಿಗೆ ಒಂದು ತಂಬಿಗೆ ನೀರು ತಂದು ಕೊಟ್ಟಳು.

ಆ ಮನೆಯಲ್ಲಿ ಅವತ್ತಿನಿಂದ ಕಿಟಕಿ ಮುಚ್ಚಿದ್ದನ್ನು ನಾನು ಕಂಡಿಲ್ಲ. ಆ ಕೂಸಿಗೆ ನೀಲವ್ವ ಅಂತ ಹೆಸರಿಟ್ಟರು. ಹೌದು, ಬಾಗೇವಾಡಿಯ ಈ ನೀಲವ್ವನೇ, ಮಲ್ಲುವಿನ ತಾಯಿ.

ಕಪ್ಪಿನಲ್ಲಿ ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು. ನೀಲವ್ವ ಅದನ್ನು ಇಸಿದುಕೊಂಡು ಒಳಗೆ ಹೋದವಳು ಲೋಬಾನದ ಧೂಪದಾನಿ ಹಿಡಿದು ಬಂದಳು. "ಮಲ್ಲೂ, ರಬ್ಬರ್ ಹಿಡಿದೈತೇನು? ಎಂಜಿನ್ ಚಾಲೂ ಮಾಡು. ನಾ ಒಳಗ ಕುಂದರ್ತೇನಿ."

"ಯಾಕವ್ವಾ? ಕಾಗದಾ ಹಾಕಿ ನೋಡೇನಲ್ಲ."

"ಹೇಳಿದಷ್ಟು ಮಾಡು."

ಅವಳು ಧೂಪದಾನಿಯನ್ನು ನನ್ನ ಕೈಗೆ ಕೊಟ್ಟು ವ್ಯಾನು ಹತ್ತಿದಳು. ಬಾಗಿಲಿನ ಎರಡು ರೆಕ್ಕೆಗಳೂ ಮುಚ್ಚಿದವು. ಮಲ್ಲು ಎಂಜಿನ್ ಚಾಲು ಮಾಡಿ ಅಂಗಳದಲ್ಲಿ ಮೆಲ್ಲಗೆ ಮುಂದಕ್ಕೆ ಬಿಟ್ಟ. ನಾನು ಧೂಪದಾನಿಯನ್ನು ಸಂದಿಗೆ ಹಿಡಿದು ಹಿಂದೆಯೇ ನಡೆದೆ. ಹೊಗೆ ಬಾಗಿಲಿಗೆ ಬಡಿದು, ಮೇಲಕ್ಕೆ ಹತ್ತಿ, ಸಂದು ಹುಡುಕುತ್ತಿತ್ತು.

"ನೀಲವ್ವಾ, ಹೊಗಿ ಬಂತೇನ?"

ಒಳಗಿನಿಂದ ದನಿ ಬರಲಿಲ್ಲ. ಎಂಜಿನ್ ಒದರುತ್ತಿತ್ತು. ಧೂಪದಾನಿಯನ್ನು ನೆಲಕ್ಕೆ ಬಿಟ್ಟೆ, ಕೆಂಡ ಪಾದದ ಮೇಲೆ ಬಿತ್ತು, ಉರಿ ತಿಳಿಯಲಿಲ್ಲ. "ನೀಲೂ! ಮಲ್ಲ್ಯಾ, ಬಂದ್ ಮಾಡೋ! ಬಾಗಲಾ ತಗೀರೋ, ಮೊದಲ ಬಾಗಲಾ ತಗೀರಿ!" ಅಂತ ಚೀರಿ, ಎರಡೂ ಕೈಯಿಂದ ಆ ತಗಡು ಬಡಿದೆ.

ಬಾಗಿಲು ಒಳಗಿನಿಂದಲೇ ತೆರೆಯಿತು. ನೀಲವ್ವ ಇಳಿದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕೆನ್ನೆ ಎಂದಿನ ಹಾಗೆ ಕಪ್ಪಗಿತ್ತು.

"ಒಂದೆಳಿನೂ ಬಂದಿಲ್ರಿ ಆಯಿ," ಅಂದಳು. "ಉಸರು ಬಿಡ್ರಿ ಇನ್ನ."